ಕಲ್ವರ್ ಸಿಟಿಯಲ್ಲೊಂದು ಹಿಮನದಿ

ವಿಭಾ ಪ್ರತಿ ಬೇಸಿಗೆಯಲ್ಲಿ ಹೋಗಿಬರುತ್ತಿದ್ದ ಹಿಮನದಿಗೆ ನಕ್ಷೆಯಲ್ಲಿ ಹೆಸರಿರಲಿಲ್ಲ, ಬರೀ ಒಂದು ಸಂಖ್ಯೆಯಿತ್ತು. ಅಲಾಸ್ಕಾದಲ್ಲಿ ರಸ್ತೆಗಳೆಲ್ಲ ಮುಗಿದುಹೋದ ಮೇಲೆ ಅಲ್ಲಿಂದ ಪುಟ್ಟ ವಿಮಾನದಲ್ಲಿ ಹಾರಿ, ಎರಡು ಬೆಟ್ಟಸಾಲು ದಾಟಿ, ಹೊಳೆಯ ಜಲ್ಲಿದಂಡೆಯ ಮೇಲೆ ದಡಬಡ ಇಳಿಯಬೇಕು. ವಿಮಾನ ಹಿಂತಿರುಗಿ ಅದರ ಸದ್ದು ಅಡಗಿದ ಮೇಲೆ ಕಿವಿಗೆ ಬೀಳುವುದು ನೀರೊಂದೇ. ಮರವೆಂಬುದಿಲ್ಲ. ಮೊಣಕಾಲೆತ್ತರದ ಪೊದೆ, ಜಲ್ಲಿಯ ನಡುವೆ ಅಲ್ಲಲ್ಲಿ ನೇರಳೆ ಹೂವು, ಆಮೇಲೆ ಬರೀ ಕಲ್ಲು, ಕಲ್ಲು ಮುಗಿದಲ್ಲಿ ಹಿಮ. ಎರಡು ಶಿಖರಗಳ ಮಧ್ಯದಿಂದ ಇಳಿದುಬರುವ ಆ ಹಿಮನದಿಯ ಮೈಮೇಲೆ ಉದ್ದಕ್ಕೂ ಕಪ್ಪು ಕಲ್ಲುಪುಡಿಯ ಪಟ್ಟೆಗಳು, ಬಿಳಿ ಸೀರೆಗೆ ಕರಿಯಂಚು ನೇಯ್ದ ಹಾಗೆ. ಹತ್ತಿರ ಹೋದರೆ ಬಿಳಿಯೂ ಬಿಳಿಯಲ್ಲ. ಎಲ್ಲೋ ಬೂದಿ, ಎಲ್ಲೋ ಹಸಿರು, ಬಿರುಕುಗಳ ಒಳಗೆ ನೀಲಿ. ಅಂಥ ನೀಲಿಯನ್ನು ಬೇರೆಲ್ಲೂ ಕಂಡಿಲ್ಲವೆಂದು ಅವಳು ಹೇಳುತ್ತಿದ್ದಳು. ಜುಲೈಯಲ್ಲಿ ಅಲ್ಲಿ ಪೂರ್ತಿ ಕತ್ತಲಾಗುವುದೇ ಇಲ್ಲ. ಮಲಗಿದಾಗಲೂ ಹಿಮ ನರಳುವ ಸದ್ದು, ಅದರ ಹೊಟ್ಟೆಯೊಳಗೆ ನೀರು ಹರಿಯುವ ಸದ್ದು ಕೇಳುತ್ತಲೇ ಇರುತ್ತದೆ.

ಹೆಸರಿಲ್ಲದ ಆ ಜಾಗಕ್ಕೆ ಹೆಸರುಗಳನ್ನು ಇಟ್ಟವನು ಅವಳ ಗಂಡ ಚರಣ್. ವಿಭಾ ಸ್ಯಾನ್ ಡಿಯೇಗೋ ನಗರದ ಲಾ ಹೋಯಾದ ಸಂಶೋಧನಾ ಕೇಂದ್ರವೊಂದರಲ್ಲಿ ಹಿಮನದಿಗಳನ್ನು ಅಭ್ಯಾಸ ಮಾಡುವವಳು. ಚರಣ್ ಅದೇ ಊರಿನಲ್ಲಿ ಟೆಲಿಕಾಂ ಇಂಜಿನಿಯರ್. ಹಿಮಕ್ಕೂ ಅವನಿಗೂ ಸಂಬಂಧವಿರಲಿಲ್ಲ. ಆದರೂ ವರ್ಷದ ರಜೆಯನ್ನೆಲ್ಲ ಕೂಡಿಟ್ಟು ಹೆಂಡತಿಯ ಜೊತೆ ಹೊರಡುತ್ತಿದ್ದ, ಅಳತೆಯ ಕೋಲುಗಳನ್ನು ಹೊರುತ್ತಿದ್ದ, ಟೆಂಟಿನಲ್ಲಿ ಅಡುಗೆ ಮಾಡುತ್ತಿದ್ದ. ಹಿಮದ ಕೆಳಗೆ ಅರೆದ ಕಲ್ಲಿನ ಹಿಟ್ಟು ಬೆರೆತು ಮಸುಕು ಬಿಳಿಯಾಗಿ ಹರಿಯುವ ನೀರನ್ನು ನೋಡಿ ಅದಕ್ಕೆ ಮಜ್ಜಿಗೆಹೊಳೆ ಎಂದ. ಹಿಮದ ಮೇಲೆ ಒಂಟಿಯಾಗಿ ಕೂತಿದ್ದ, ಮನೆಯಷ್ಟು ದೊಡ್ಡ ಬಂಡೆಗೆ ಗುಂಡಣ್ಣ ಎಂದ. ಎಂಥ ಗಾಳಿ ಬೀಸಿದರೂ ಒಳಗೆ ತಟ್ಟದಂತೆ ಮೂರು ಕಡೆ ಬೆಟ್ಟ ಬಾಗಿ ಕಾಯುತ್ತಿದ್ದ ತಗ್ಗೊಂದಿತ್ತು. ಅವರು ಟೆಂಟು ಹಾಕುತ್ತಿದ್ದುದು ಅಲ್ಲೇ. ಅದು ಅಜ್ಜಿಮನೆಯಾಯಿತು. ಈ ಹೆಸರುಗಳು ಗಂಡ ಹೆಂಡತಿಯ ನಡುವೆ ಮಾತ್ರ ಇದ್ದವು. ಅವಳು ಬರೆದ ಪ್ರಬಂಧಗಳಲ್ಲಿ ಎಲ್ಲೂ ಬರಲಿಲ್ಲ.

೨೦೧೬ರ ಬೇಸಿಗೆಯಲ್ಲಿ ಚರಣ್ ಹಿಮದ ಬಿರುಕೊಂದಕ್ಕೆ ಬಿದ್ದ. ಮೇಲೆ ತೆಳ್ಳಗೆ ಹೊಸ ಹಿಮ ಮುಚ್ಚಿಕೊಂಡಿದ್ದರಿಂದ ಬಿರುಕು ಕಾಣುತ್ತಿರಲಿಲ್ಲ. ವಿಭಾ ಅವನಿಗಿಂತ ಸ್ವಲ್ಪ ಮುಂದಿದ್ದಳು. ತಿರುಗಿ ನೋಡುವಷ್ಟರಲ್ಲಿ ಅವನಿರಲಿಲ್ಲ. ರಕ್ಷಣಾ ತಂಡ ಬಂದು, ಹಗ್ಗ ಇಳಿಬಿಟ್ಟು, ಆಳ ಸಿಗದೆ ಕೈಚೆಲ್ಲಿತು. ದೇಹ ಸಿಗಲಿಲ್ಲ. ಹಿಮನದಿ ನಿಂತಲ್ಲೇ ನಿಲ್ಲುವುದಿಲ್ಲ, ತನ್ನೊಳಗೆ ಬಿದ್ದದ್ದನ್ನೆಲ್ಲ ಹೊತ್ತುಕೊಂಡು ಮೆಲ್ಲಗೆ ಕೆಳಗಿಳಿಯುತ್ತದೆ, ಕೊನೆಗೊಂದು ದಿನ ಹೊರಗೆ ಹಾಕುತ್ತದೆ. ಅದಕ್ಕೆ ಹಲವು ದಶಕಗಳೇ ಬೇಕೆಂದು ವಿಭಾಳಿಗೆ ಯಾರೂ ಹೇಳಬೇಕಿರಲಿಲ್ಲ. ಮಾರನೆಯ ಬೇಸಿಗೆಯಿಂದ ಅವಳು ಡ್ರೋನ್ ಹಾರಿಸಿ ಕಣಿವೆಯ ಅಂಗುಲಂಗುಲವನ್ನೂ ಸ್ಕ್ಯಾನ್ ಮಾಡತೊಡಗಿದಳು. ಕೇಂದ್ರದವರಿಗೆ ಅದು ಸಂಶೋಧನೆ. ಅವಳಿಗೆ ಮಾತ್ರ ಅದು ಗಂಡ ಎಲ್ಲಿಯವರೆಗೆ ಬಂದನೆಂದು ನೋಡಿಬರುವ ದಾರಿಯೂ ಆಗಿತ್ತು.

ಚರಣ್‌ನ ತಾಯಿ ಭಾನುಮತಿ ಅವರು ಸೊಸೆಯ ಜೊತೆಗಿರಲೆಂದು ಬೆಂಗಳೂರಿನಿಂದ ಬಂದದ್ದು ೨೦೨೦ರ ಶುರುವಿನಲ್ಲಿ. ಅವರ ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಬಂದ ಕೆಲವೇ ವಾರಗಳಲ್ಲಿ ಲಾಕ್‌ಡೌನ್ ಆಯಿತು, ವಿಮಾನಗಳು ನಿಂತವು. ಆಮೇಲೆ ಅವರ ಮಗಳು, ಚರಣ್ ತಂಗಿ ನಿಕಿತಾ ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿದಳು, ಅವರು ಇಲ್ಲೇ ಉಳಿದರು. ನಿಕಿತಾ ಲಾಸ್ ಏಂಜಲೀಸಿನ ಕಲ್ವರ್ ಸಿಟಿಯಲ್ಲಿ ಸಿನಿಮಾ ಗ್ರಾಫಿಕ್ಸ್ ಕಂಪನಿಯೊಂದರಲ್ಲಿದ್ದಳು. ಅವಳದು ಒಂದೇ ಕೋಣೆಯ ಅಪಾರ್ಟ್‌ಮೆಂಟು, ಹೊತ್ತುಗೊತ್ತಿಲ್ಲದ ಕೆಲಸ. ಆದ್ದರಿಂದ ಅಮ್ಮ ಸೊಸೆಯ ಮನೆಯಲ್ಲೇ ಇದ್ದರು. ಹೇಗೂ ಅದು ಮಗ ಕೊಂಡ ಮನೆ. ಚರಣ್ ಇದ್ದಾಗ ಅವರನ್ನು ‘ಅತ್ತೆ’ ಎನ್ನುತ್ತಿದ್ದ ವಿಭಾ ಅವನು ಹೋದ ಮೇಲೆ ‘ಅಮ್ಮ’ ಎನ್ನತೊಡಗಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ, ತಾನಾಗಿ ಬಾಯಿಗೆ ಬಂದಿತ್ತು. ಸಂಜೆ ಹೊತ್ತು ಇಬ್ಬರೂ ಸಮುದ್ರದ ದಂಡೆಯ ಬೆಂಚಿನ ಮೇಲೆ ಕೂತು ಕಡಲುಸಿಂಹಗಳು ಕಿತ್ತಾಡುವುದನ್ನು ನೋಡಿಬರುತ್ತಿದ್ದರು. ಆ ಒಂದೂವರೆ ವರ್ಷ ವಿಭಾ ಅಲಾಸ್ಕಾಕ್ಕೆ ಹೋಗಲಾಗದೆ ಒಳಗೊಳಗೇ ಒದ್ದಾಡಿದಾಗ ಅವಳನ್ನು ಹಿಡಿದು ನಿಲ್ಲಿಸಿದ್ದು ಭಾನುಮತಿ ಅವರ ಜೊತೆಯೇ.

ಒಂದು ದಿನ ಹುಳಿಗೆ ಬೀನ್ಸ್ ಹೆಚ್ಚುತ್ತ ಭಾನುಮತಿ ಅವರು, ಅವನಿರೋ ಜಾಗಾನ ಒಂದ್ಸಲ ನೋಡ್ಬೇಕು ಅನ್ಸತ್ತೆ ಕಣೇ, ಎಂದರು. ಅಷ್ಟು ವರ್ಷಗಳಲ್ಲಿ ಅವರು ಆ ಮಾತೆತ್ತಿದ್ದು ಅದೇ ಮೊದಲು. ಮಂಡಿನೋವಿನ ಎಪ್ಪತ್ತಾರರ ಜೀವವನ್ನು ಆ ಜಲ್ಲಿದಂಡೆಯ ಮೇಲೆ ಇಳಿಸುವುದು ಆಗದ ಮಾತೆಂದು ವಿಭಾಳಿಗೆ ಗೊತ್ತಿತ್ತು. ಫೋಟೋ ತೋರಿಸಿದಳು. ಅವರು ನೋಡಿ, ತಲೆಯಾಡಿಸಿ, ಫೋನು ಹಿಂದಕ್ಕೆ ಕೊಟ್ಟರು.

ಆ ವಾರದ ಕೊನೆಗೇ ನಿಕಿತಾ ಬಂದಳು. ಈಗ ಸಿನಿಮಾದವರು ಹೊರಾಂಗಣಕ್ಕೆ ಹೋಗುವುದಿಲ್ಲ, ಸ್ಟುಡಿಯೋದೊಳಗೆ ಮನೆಯೆತ್ತರದ ಎಲ್‌ಇಡಿ ಗೋಡೆಯನ್ನು ಅರ್ಧಚಂದ್ರದ ಹಾಗೆ ಕಟ್ಟಿ ಅದರ ಮೇಲೆ ಬೇಕಾದ ಊರನ್ನೇ ತರಿಸುತ್ತಾರೆ, ಮುಂದೆ ನಿಂತವರಿಗೆ ಅಲ್ಲೇ ಇದ್ದ ಹಾಗಿರುತ್ತದೆ, ಎಂದು ವಿವರಿಸಿದಳು. ಅತ್ತಿಗೆಯ ಸ್ಕ್ಯಾನುಗಳು ಸಿಕ್ಕರೆ ತಾನು ಬಿಡುವಿನ ಹೊತ್ತಿನಲ್ಲಿ ಕೂತು ಆ ಕಣಿವೆಯನ್ನು ಕಟ್ಟುತ್ತೇನೆ, ಸ್ಟುಡಿಯೋ ಖಾಲಿಯಿರುವ ದಿನ ಅಮ್ಮನನ್ನು ಅದರ ಮುಂದೆ ನಿಲ್ಲಿಸಬಹುದು, ಎಂದಳು. ವಿಭಾ ಹಿಂದೇಟು ಹಾಕಿದಳು. ಆ ಸ್ಕ್ಯಾನುಗಳು ಕೇಂದ್ರದ ಸ್ವತ್ತು. ಹೊರಗೆ ಕೊಡುವುದಿಲ್ಲವೆಂದು ಅವಳು ಸಹಿ ಮಾಡಿದ್ದಳು.

“ಹೊರಗೆಲ್ಲಿ ಹೋಗತ್ತೆ ಅತ್ತಿಗೆ? ನಾನು, ನೀವು, ಅಮ್ಮ. ಅಷ್ಟೇ,” ಎಂದಳು ನಿಕಿತಾ. “ಅಣ್ಣನಿಗೋಸ್ಕರ ನನ್ನ ಕೈಲಿ ಆಗೋದು ಇದೊಂದೇ.”

ವಿಭಾ ಕೊಟ್ಟಳು. ಬರೀ ಸ್ಕ್ಯಾನುಗಳನ್ನಲ್ಲ. ಎಷ್ಟೋ ಭಾನುವಾರ ನಾದಿನಿಯ ಜೊತೆ ಕೂತು, ಯಾವ ಹೊತ್ತಿಗೆ ಯಾವ ಶಿಖರಕ್ಕೆ ಬಿಸಿಲು ತಾಗುತ್ತದೆ, ಮಳೆ ಬಂದ ಮರುದಿನ ಹಿಮದ ಬಣ್ಣ ಹೇಗೆ ಮಂಕಾಗುತ್ತದೆ, ಮಜ್ಜಿಗೆಹೊಳೆ ಬೆಳಿಗ್ಗೆ ಸಣ್ಣದಾಗಿದ್ದು ಮಧ್ಯಾಹ್ನ ಹೇಗೆ ಉಕ್ಕುತ್ತದೆ, ಎಲ್ಲ ಹೇಳಿದಳು. ಹೆಸರುಗಳನ್ನೂ ಹೇಳಿದಳು. ಚರಣ್ ಸತ್ತ ಮೇಲೆ ಆ ಹೆಸರುಗಳನ್ನು ಅವಳು ಬಾಯಿಬಿಟ್ಟು ಆಡಿದ್ದು ಆಗಲೇ. ನಿಕಿತಾ ನಕ್ಕಳು, ಅತ್ತಳು, ಗುಂಡಣ್ಣ ಅಂತ ಅಣ್ಣ ಚಿಕ್ಕವನಿದ್ದಾಗ ಪಕ್ಕದ ಮನೆಯ ನಾಯಿಗೂ ಹೆಸರಿಟ್ಟಿದ್ದ, ಎಂದಳು. ಗಂಡನ ಬಗ್ಗೆ ಹೀಗೆ ಮಾತಾಡಲು ಒಬ್ಬರು ಸಿಕ್ಕರಲ್ಲ ಎಂದು ವಿಭಾಳ ಎದೆ ಹಗುರಾಯಿತು.

೨೦೨೨ರ ಏಪ್ರಿಲ್‌ನಲ್ಲಿ ಮೂವರೂ ಸ್ಟುಡಿಯೋಗೆ ಹೋದರು. ದೊಡ್ಡ ಗೋದಾಮಿನಂಥ ಕಟ್ಟಡ. ಒಳಗೆ ನಾಲ್ಕೈದು ಜನ ತಂತ್ರಜ್ಞರು ಅಲ್ಲಲ್ಲಿ ನಿಂತಿದ್ದರು. ಅವರನ್ನು ಬೇಡಿಕೊಂಡು ರಜೆಯ ದಿನ ಕರೆಸಿದ್ದೇನೆ ಎಂದಳು ನಿಕಿತಾ. ದೀಪ ಆರಿತು. ಗೋಡೆ ಬೆಳಗಿತು.

ಅದೇ ಶಿಖರ, ಅದೇ ಕಪ್ಪು ಪಟ್ಟೆ, ಅದೇ ನೀಲಿ. ತಣ್ಣನೆ ಗಾಳಿಯೊಂದು ಬಿಟ್ಟು ಏನೂ ಕಡಿಮೆಯಿರಲಿಲ್ಲ. ಭಾನುಮತಿ ಅವರು ಕೋಲೂರಿಕೊಂಡು ಮೆಲ್ಲಗೆ ಮುಂದೆ ಹೋದರು. ಎಲ್ಲಿ ಎಂದು ಕೇಳಿದರು. ವಿಭಾ ಕೈ ತೋರಿಸಿದಳು. ಅವರು ಆ ಕಡೆ ತಿರುಗಿ ಕೈಮುಗಿದು ನಿಂತರು. ಆಮೇಲೆ ಗೋಡೆಯ ಮೇಲಿನ ಹಿಮಕ್ಕೆ ಅಂಗೈ ತಾಗಿಸಿ, ಮಗುವಿನ ಬೆನ್ನು ಸವರುವ ಹಾಗೆ ಸವರಿ, ಬಿಕ್ಕಿಬಿಕ್ಕಿ ಅತ್ತರು. ವಿಭಾ ಅವರನ್ನು ಹಿಡಿದುಕೊಂಡಳು. ಹಿಂದಿನಿಂದ ನಿಕಿತಾ ಬಂದು ಇಬ್ಬರನ್ನೂ ತಬ್ಬಿದಳು. ಮನೆಗೆ ಮರಳುವಾಗ ಕಾರಿನಲ್ಲಿ ಭಾನುಮತಿ ಅವರು, ಇನ್ನು ನೆಮ್ಮದಿಯಾಗಿ ಸಾಯ್ತೀನಿ, ಎಂದರು. ನಾದಿನಿ ಮಾಡಿದ ಉಪಕಾರವನ್ನು ಜನ್ಮದಲ್ಲಿ ಮರೆಯಲಾರೆ ಎಂದುಕೊಂಡಳು ವಿಭಾ.

ಸುಮಾರು ಎರಡು ವರ್ಷ ಹಾಗೇ ಕಳೆಯಿತು. ವಿಭಾ ಮತ್ತೆ ಬೇಸಿಗೆಗಳಲ್ಲಿ ಅಲಾಸ್ಕಾಕ್ಕೆ ಹೋಗತೊಡಗಿದಳು. ನಡುವೆ ಸಿನಿಮಾದವರ ಮುಷ್ಕರ ನಡೆದು ಕಲ್ವರ್ ಸಿಟಿಯಲ್ಲಿ ಕೆಲಸವೆಲ್ಲ ನಿಂತಿತು, ಮತ್ತೆ ಶುರುವಾಯಿತು.

೨೦೨೪ರ ಸಂಕ್ರಾಂತಿಯ ಊಟಕ್ಕೆ ಹತ್ತಿರದ ಕಾರ್ಲ್ಸ್‌ಬಾಡ್‌ನ ಪರಿಚಿತರೊಬ್ಬರ ಮನೆಯಲ್ಲಿ ಒಂದಷ್ಟು ಕನ್ನಡದವರು ಸೇರಿದ್ದರು. ಭಾನುಮತಿ ಅವರು ಮಂಡಿನೋವೆಂದು ಬಂದಿರಲಿಲ್ಲ. ಅಲ್ಲಿ ಅರವಿಂದ ಎಂಬ ಇಂಜಿನಿಯರ್ ಸಿಕ್ಕಿದ. ಎಲ್‌ಇಡಿ ಪರದೆ ತಯಾರಿಸುವ ಕಂಪನಿಯಲ್ಲಿದ್ದ, ಒಳ್ಳೆಯ ಮನುಷ್ಯ. ಹಿತ್ತಿಲಲ್ಲಿ ನಿಂಬೆಗಿಡದ ಪಕ್ಕ ತಟ್ಟೆ ಹಿಡಿದು ನಿಂತಿದ್ದವಳ ಹತ್ತಿರ ಬಂದು, ನಿಮ್ಮತ್ತೆಯ ವಿಡಿಯೋ ನೋಡಿ ನಮ್ಮ ಆಫೀಸಿನಲ್ಲಿ ಎಲ್ಲರ ಕಣ್ಣಲ್ಲೂ ನೀರು ಬಂತು, ಎಂದ. ಯಾವ ವಿಡಿಯೋ ಎಂದು ವಿಭಾ ಕೇಳಿದಳು. ಅವನು ಅದರಲ್ಲೇನೂ ಮುಚ್ಚುಮರೆಯಿಲ್ಲವೆಂದುಕೊಂಡು ಫೋನು ತೆಗೆದು ತೋರಿಸಿದ.

ಗ್ರಾಫಿಕ್ಸ್ ಕಂಪನಿ ತನ್ನ ಗಿರಾಕಿಗಳಿಗೆ ತೋರಿಸಲು ಮಾಡಿದ ಜಾಹೀರಾತು ಅದು. ಹಿಮನದಿಯ ಮುಂದೆ ಕೈಮುಗಿದು ನಿಂತ ಭಾನುಮತಿ ಅವರು. ಅವರ ಅಂಗೈ. ಅವರ ಅಳು. ಅವರ ಭುಜ ಹಿಡಿದ ಒಂದು ಕೈ ಮಾತ್ರ ಕಾಣುತ್ತಿತ್ತು, ಅದು ವಿಭಾಳದು. ಮೂರು ಬೇರೆಬೇರೆ ಕಡೆಯಿಂದ ಕ್ಯಾಮೆರಾ ಇಟ್ಟು ತೆಗೆದಿದ್ದರು. ತನ್ನ ಮಗನನ್ನು ಕಳೆದುಕೊಂಡ ಜಾಗವನ್ನು ಈ ತಾಯಿ ಮೊದಲ ಸಲ ನೋಡುತ್ತಿದ್ದಾಳೆ, ನಮ್ಮ ತಂತ್ರಜ್ಞಾನ ಎಷ್ಟು ನಿಜವೆಂದು ಅವಳನ್ನೇ ಕೇಳಿ, ಎಂದು ಹಿನ್ನೆಲೆಯ ದನಿ ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಇದನ್ನು ನೋಡಿಯೇ ಅಷ್ಟು ದೊಡ್ಡ ಸಿನಿಮಾ ಇವರ ಕೈಗೆ ಬಂದಿದ್ದು, ಈಗ ಶೂಟಿಂಗ್ ನಡೀತಿದೆಯಂತಲ್ಲ, ಎಂದ ಅರವಿಂದ. ವಿಭಾ ಹೌದೆಂದಳು. ತಟ್ಟೆಯನ್ನು ಗೋಡೆಯ ಮೇಲಿಟ್ಟು, ತಲೆನೋವೆಂದು ಹೇಳಿ ಹೊರಟುಬಿಟ್ಟಳು.

ಮರುದಿನ ಬೆಳಿಗ್ಗೆ ಭಾನುಮತಿ ಅವರಿಗೆ ಕೇಂದ್ರಕ್ಕೆ ಹೋಗುತ್ತೇನೆಂದು ಹೇಳಿ ಅವಳು ಕಲ್ವರ್ ಸಿಟಿಗೆ ಡ್ರೈವ್ ಮಾಡಿದಳು. ದಾರಿಯುದ್ದಕ್ಕೂ ನಿಕಿತಾಳ ಪರವಾಗಿ ತಾನೇ ವಾದ ಕಟ್ಟಿದಳು. ಯಾರೋ ಅವಳಿಗೆ ತಿಳಿಯದಂತೆ ಚಿತ್ರೀಕರಿಸಿರಬೇಕು, ಮೇಲಿನವರು ಅವಳಿಂದ ಕಿತ್ತುಕೊಂಡಿರಬೇಕು. ಸ್ಟುಡಿಯೋದ ರಿಸೆಪ್ಷನ್ನಿನಲ್ಲಿದ್ದ ಹೆಂಗಸು ಅವಳನ್ನು ನೆನಪಿಟ್ಟಿದ್ದಳು. ನೀವು ನಿಕಿತಾಳ ವಿಜ್ಞಾನಿ ಅಲ್ಲವೇ ಎಂದು ನಕ್ಕು, ಬ್ಯಾಡ್ಜ್ ಕೊಟ್ಟು ಒಳಗೆ ಬಿಟ್ಟಳು.

ಗೋಡೆಯ ಮೇಲೆ ಕಣಿವೆ ಇತ್ತು. ಅದರ ಮುಂದೆ ಪ್ಲಾಸ್ಟಿಕ್ ಹಿಮದ ದಿಬ್ಬಗಳು, ಹಿಮದ ಮೇಲೆ ಓಡುವ ಎರಡು ಮೋಟಾರುಬಂಡಿಗಳು, ಹಗ್ಗ ಕಟ್ಟಿಕೊಂಡ ಸ್ಟಂಟ್‌ನವರು. ಕಂಪ್ಯೂಟರ್ ಮುಂದೆ ಕೂತಿದ್ದ ಗಡ್ಡದ ಬಿಳಿಯನೊಬ್ಬ ಮೈಕಿನಲ್ಲಿ, ಗುಂಡಾನಾವನ್ನು ಸ್ವಲ್ಪ ಎಡಕ್ಕೆ ಸರಿಸಿ, ಎಂದ. ಮನೆಯಷ್ಟು ದೊಡ್ಡ ಆ ಬಂಡೆ ಹಿಮದ ಮೇಲೆ ಜಾರಿ ಎಡಕ್ಕೆ ಹೋಯಿತು. ಮುಂದಿನದು ಅಜಿಮಾನೆ, ಲೋಡ್ ಮಾಡಿ, ಎಂದ.

ವಿಭಾ ಕತ್ತಲಲ್ಲಿ ಕಂಬವೊಂದಕ್ಕೆ ಕೈ ಆನಿಸಿ ನಿಂತಳು. ಸಿನಿಮಾದ ಖಳನಾಯಕನ ದೃಶ್ಯವಂತೆ. ಮೋಟಾರುಬಂಡಿಯಲ್ಲಿ ತಪ್ಪಿಸಿಕೊಂಡು ಹೋಗುತ್ತಿದ್ದವನು ಬಿರುಕಿಗೆ ಬೀಳಬೇಕು. ಬಿದ್ದ. ಸರಿಯಾಗಿ ಬೀಳಲಿಲ್ಲವೆಂದು ಮತ್ತೆ ಬೀಳಿಸಿದರು. ಮೂರನೆಯ ಸಲ ಅವನ ಟೋಪಿ ಹಾರಿಹೋಗಿ ಎಲ್ಲರೂ ನಕ್ಕರು. ಆ ನಗುವಿನಲ್ಲಿ ಅವಳು ಗುರುತು ಹಿಡಿದ ನಗುವೂ ಒಂದಿತ್ತು.

ನಿಕಿತಾ ತಿರುಗಿ ಅವಳನ್ನು ಕಂಡಳು. ತೋಳು ಹಿಡಿದು ಹೊರಗೆ ಕರೆತಂದು, ಕಾರುಗಳು ನಿಂತಿದ್ದ ಅಂಗಳದ ಬೆಂಚಿನ ಮೇಲೆ ಕೂರಿಸಿದಳು. ಹೇಳಬೇಕೆಂದೇ ಇದ್ದೆ, ಸಮಯ ನೋಡುತ್ತಿದ್ದೆ, ಎಂದೆಲ್ಲ ಶುರುಮಾಡಿದಳು. ವಿಭಾ ಕೇಳಿದ್ದು ಒಂದೇ ಮಾತು. ಅಮ್ಮನನ್ನು ಕರೆತಂದ ದಿನ ನಿಜವಾಗಿಯೂ ರಜೆಯಾಗಿತ್ತೇ?

ನಿಕಿತಾ ನೆಲ ನೋಡಿದಳು. ಅಲ್ಲ. ಅದು ಸಿನಿಮಾದವರಿಗೆ ತೋರಿಸುವ ಮಾದರಿ ವಿಡಿಯೋ ತೆಗೆಯಲೆಂದೇ ಗೊತ್ತುಮಾಡಿದ ದಿನ. ಕಣಿವೆಯನ್ನು ಮೊದಲಿನಿಂದಲೂ ಆ ಸಿನಿಮಾಕ್ಕಾಗಿಯೇ ಕಟ್ಟಿದ್ದು. ಕಂಪನಿಯಲ್ಲಿ ಒಬ್ಬೊಬ್ಬರನ್ನೇ ತೆಗೆಯುತ್ತಿದ್ದರು, ಹೊಸದೇನಾದರೂ ತಂದವರಿಗೆ ಮಾತ್ರ ಉಳಿವು. ತನ್ನ ಹತ್ತಿರ ಇದ್ದದ್ದು ಇದೊಂದೇ ಎಂದಳು.

“ಮೊದಲೇ ಹೇಳಿದ್ರೆ ನೀವು ಕೊಡ್ತಿರ್ಲಿಲ್ಲ ಅತ್ತಿಗೆ.”

“ಕೊಡ್ತಿರ್ಲಿಲ್ಲ. ಅದಕ್ಕೇ ಕೇಳ್ಬೇಕಾಗಿತ್ತು.”

ನಿಕಿತಾ ತಲೆಯೆತ್ತಿದಳು. ಆಮೇಲೆ ಅವಳ ದನಿ ಬೇರೆಯಾಯಿತು. ಪ್ರತಿ ವರ್ಷ ನೀವೊಬ್ಬರೇ ಹೋಗಿಬರುತ್ತೀರಿ, ನೀವು ತೋರಿಸಿದಷ್ಟನ್ನು ನಾವು ನೋಡಬೇಕು, ನೀವು ಹೇಳಿದಷ್ಟನ್ನು ನಾವು ಕೇಳಬೇಕು, ಅವನು ನಮಗೆ ಏನೂ ಅಲ್ಲವೇ, ಎಂದು ಕೇಳಿದಳು.

“ಅವನನ್ನ ಅಲ್ಲಿಗೆ ಕರ್ಕೊಂಡು ಹೋದೋರು ಯಾರು?” ಎಂದಳು. “ಹಿಮ ಅಂದ್ರೆ ಏನು ಅಂತ ಗೊತ್ತಿಲ್ದೇ ಇದ್ದೋನು ಅವನು. ಇಷ್ಟು ವರ್ಷದಲ್ಲಿ ನಾವ್ಯಾರಾದ್ರೂ ಒಂದು ಮಾತು ಅಂದ್ವಾ?”

“ಈಗ ಅಂದೆಯಲ್ಲ,” ಎಂದಳು ವಿಭಾ.

ಅವಳು ಎದ್ದು ಕಾರಿನ ಹತ್ತಿರ ಹೋದಳು. ನಿಕಿತಾ ಹಿಂದೆಯೇ ಬಂದು, ತಪ್ಪಾಯಿತು, ಬಾಯಿತಪ್ಪಿ ಬಂತು, ಎಂದಳು. ಬಾಯಿತಪ್ಪಿ ಬಂದದ್ದಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಚರಣ್ ಹೋದಾಗ ಬೆಂಗಳೂರಿನಲ್ಲಿ ತಾಯಿ ಮಗಳಿಬ್ಬರೂ ಅವಳ ಕೈಹಿಡಿದು ನಿನ್ನದೇನೂ ತಪ್ಪಿಲ್ಲ ಎಂದಿದ್ದರು. ಆ ಮಾತನ್ನು ನಂಬಿಕೊಂಡೇ ಅವಳು ಊಟ ಮಾಡಿದ್ದಳು, ನಿದ್ದೆ ಮಾಡಿದ್ದಳು, ಮತ್ತೆ ಆ ಹಿಮದ ಮೇಲೆ ಕಾಲಿಟ್ಟಿದ್ದಳು.

ಮನೆಗೆ ಬಂದಾಗ ಭಾನುಮತಿ ಅವರು ಅಡುಗೆಮನೆಯ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೊತ್ತಂಬರಿ ಬಿಡಿಸುತ್ತಿದ್ದರು. ಅವರಿಗೆ ಈ ಸುದ್ದಿಯನ್ನು ಹೇಗೆ ಹೇಳಲಿ, ಈ ವಯಸ್ಸಿನಲ್ಲಿ ಮಗಳ ಮೇಲಿನ ನಂಬಿಕೆ ಕಳೆದುಕೊಂಡರೆ ತಾಳಿಕೊಂಡಾರೇ ಎಂದೇ ವಿಭಾ ಅಷ್ಟು ದೂರ ಚಿಂತಿಸುತ್ತ ಬಂದಿದ್ದಳು. ಮೆಲ್ಲಗೆ, ಎಷ್ಟು ಬೇಕೋ ಅಷ್ಟೇ ಹೇಳಿದಳು. ಭಾನುಮತಿ ಅವರು ತಲೆಯೆತ್ತಲಿಲ್ಲ. ಕೊತ್ತಂಬರಿಯ ದಂಟುಗಳನ್ನು ಒಂದು ಕಡೆ ಕೂಡಿಹಾಕಿದರು.

“ನಿಕ್ಕಿ ಫೋನ್ ಮಾಡಿದ್ಲು,” ಎಂದರು. “ನಂಗೆ ಮೊದಲಿಂದಾನೂ ಗೊತ್ತು ಕಣೇ.”

ವಿಭಾಳಿಗೆ ಆ ಮಾತು ತಕ್ಷಣ ತಲೆಗೆ ಹೋಗಲಿಲ್ಲ. ಮೊದಲಿನಿಂದ ಎಂದರೆ ಯಾವಾಗಿನಿಂದ ಎಂದು ಕೇಳಿದಳು.

“ನೀನು ಕೊಡೋಕ್ ಮುಂಚೇನೇ. ಅವಳ ಕೆಲಸ ಹೋಗೋ ಹಾಗಿತ್ತು. ಅವಳು ಕೇಳಿದ್ರೆ ನೀನು ಒಪ್ಪಲ್ಲ, ನಾನು ಆಸೆಪಟ್ರೆ ಒಪ್ತೀಯ ಅಂದ್ಲು.” ಅವರು ಕಣ್ಣೊರೆಸಿಕೊಂಡರು. “ನೋಡ್ಬೇಕು ಅನ್ನೋ ಆಸೆ ಸುಳ್ಳಲ್ಲ ವಿಭಾ. ಅದನ್ನ ನಿನ್ ಹತ್ರ ಬಾಯ್ಬಿಟ್ಟು ಹೇಳು ಅಂದೋಳು ಮಾತ್ರ ಅವಳು.”

ಅಲ್ಲಿ ನಿಂತಿದ್ದಾಗ ಕ್ಯಾಮೆರಾ ಇದ್ದದ್ದೂ ಗೊತ್ತಿತ್ತೇ ಎಂದು ವಿಭಾ ಕೇಳಿದಳು. ಗೊತ್ತಿತ್ತು, ಆದರೆ ಗೋಡೆ ಬೆಳಗಿದ ಮೇಲೆ ಮರೆತೇಹೋಯಿತು, ಅತ್ತದ್ದು ಕ್ಯಾಮೆರಾಕ್ಕಲ್ಲ, ಎಂದರು ಭಾನುಮತಿ ಅವರು. ಅದು ನಿಜವೇ ಇರಬೇಕೆಂದು ವಿಭಾಳಿಗೂ ಅನ್ನಿಸಿತು. ನಿಜವಾಗಿದ್ದರಿಂದ ನೋವೇನೂ ಕಡಿಮೆಯಾಗಲಿಲ್ಲ. ಎರಡು ವರ್ಷ ಇವರು ತನ್ನ ಎದುರಿಗೇ ಕೂತು ಉಂಡಿದ್ದಾರೆ, ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಸಮುದ್ರ ನೋಡಿದ್ದಾರೆ, ನಿಕಿತಾಳನ್ನು ತಾನು ಹೊಗಳಿದಾಗಲೆಲ್ಲ ಹೂಂ ಎಂದಿದ್ದಾರೆ.

ಹಾಗಾದರೆ ಚರಣ್‌ನ ಸಾವು ತನ್ನಿಂದಲೇ ಆಯಿತೆಂದು ನಿಮಗೂ ಅನ್ನಿಸಿತ್ತೇ ಎಂಬ ಪ್ರಶ್ನೆ ಅವಳ ಬಾಯಿಗೆ ಬಂತು. ಕೇಳಲಿಲ್ಲ. ಉತ್ತರ ಬರಲು ಒಂದು ಕ್ಷಣ ತಡವಾದರೂ ಅದೇ ಉತ್ತರವಾಗಿಬಿಡುತ್ತಿತ್ತು.

“ನಂಗೆ ಉಳಿದಿರೋದು ಅವಳೊಬ್ಳೇ,” ಎಂದರು ಭಾನುಮತಿ ಅವರು.

ವಿಭಾ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಮನೆಯಲ್ಲಿ ಅವಳು ಹಗಲು ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡದ್ದು ಅದೇ ಮೊದಲು.

ಆಮೇಲಿನ ವಾರ ಅವಳು ಮಾಡಿದ್ದು ಹೀಗೆ. ಕೇಂದ್ರದ ಮುಖ್ಯಸ್ಥ ಬಾಲಸುಬ್ರಹ್ಮಣ್ಯ ಅವರ ಕೋಣೆಗೆ ಹೋಗಿ, ಕೇಂದ್ರದ ಸ್ಕ್ಯಾನುಗಳನ್ನು ಅನುಮತಿಯಿಲ್ಲದೆ ನಾದಿನಿಗೆ ಕೊಟ್ಟವಳು ತಾನೇ, ಅದು ಈಗ ಸಿನಿಮಾದಲ್ಲಿ ಬಳಕೆಯಾಗುತ್ತಿದೆ, ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಣಿವೆಯನ್ನು ಅವರ ಕೈಯಿಂದ ಬಿಡಿಸಲು ಅವಳಿಗೆ ಕಂಡ ದಾರಿ ಅದೊಂದೇ. ಅದು ತನ್ನ ಕುತ್ತಿಗೆಗೂ ಬರುತ್ತದೆಂದು ಗೊತ್ತಿತ್ತು. ಬಾಲಸುಬ್ರಹ್ಮಣ್ಯ ಅವರು ಚರಣ್‌ನನ್ನು ಬಲ್ಲವರು. ಇದನ್ನು ನನಗೆ ಹೇಳದೇ ಇದ್ದಿದ್ದರೆ ನಾನು ಕೇಳುತ್ತಿರಲಿಲ್ಲ, ಎಂದರು. ಹೇಳಿಬಿಟ್ಟಿದ್ದೇನಲ್ಲ ಸರ್, ಎಂದಳು ವಿಭಾ.

ಕೇಂದ್ರದ ವಕೀಲರು ಗ್ರಾಫಿಕ್ಸ್ ಕಂಪನಿಗೆ ನೋಟಿಸು ಕಳಿಸಿದರು. ಕಂಪನಿ ತನಗೇನೂ ಗೊತ್ತಿಲ್ಲ, ಎಲ್ಲ ಹಕ್ಕೂ ತನ್ನದೆಂದು ನಿಕಿತಾ ಹೇಳಿದ್ದಳು, ಎಂದು ಉತ್ತರಿಸಿ ಅವಳನ್ನು ಕೆಲಸದಿಂದ ತೆಗೆಯಿತು. ಕಣಿವೆಯನ್ನು ಹಾಗೇ ಬಳಸುವುದಿಲ್ಲವೆಂದು ಒಪ್ಪಿಕೊಂಡಿತು. ಶೂಟಿಂಗ್ ನಿಂತೇಹೋಗುತ್ತದೆ ಎಂದುಕೊಂಡಿದ್ದಳು ವಿಭಾ. ಅದೇನೂ ನಿಲ್ಲಲಿಲ್ಲ. ಶಿಖರಗಳನ್ನು ಎಡದಿಂದ ಬಲಕ್ಕೆ ತಿರುಗಿಸಿದರು, ಪಟ್ಟೆಗಳನ್ನು ಅಳಿಸಿದರು, ಬೇರೆಲ್ಲಿಂದಲೋ ತಂದ ಬೆಟ್ಟವೊಂದನ್ನು ನಡುವೆ ಸೇರಿಸಿದರು. ಕೆಲವೇ ದಿನಗಳಲ್ಲಿ ಕೆಲಸ ಮುಂದುವರಿಯಿತು. ವಿಭಾಳ ಮೇಲೆ ವಿಚಾರಣೆ ನಡೆಯಿತು. ಕೆಲಸ ಉಳಿಯಿತು, ಆದರೆ ಎರಡು ಬೇಸಿಗೆ ಕಾಲ ಅವಳು ತಂಡದೊಡನೆ ಹಿಮನದಿಗೆ ಹೋಗುವಂತಿಲ್ಲ ಎಂದಾಯಿತು. ಅವಳ ಬದಲು ಬೇರೊಬ್ಬರು ಹೋಗುವರು, ಅಳೆಯುವರು, ಅವಳಿಗೆ ಅಂಕಿಗಳನ್ನು ಕಳಿಸುವರು.

ನಿಕಿತಾಳಿಗೆ ಮಾರ್ಚ್ ಹೊತ್ತಿಗೆ ಕೆನಡಾದ ವ್ಯಾಂಕೂವರಿನಲ್ಲಿ ಕೆಲಸ ಸಿಕ್ಕಿತು. ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆಂದು ತಾಯಿಗೆ ಹೇಳಿದಳು, ವಿಭಾಳ ಹತ್ತಿರ ಮಾತಾಡಲಿಲ್ಲ. ಭಾನುಮತಿ ಅವರು ಸೀರೆಗಳನ್ನು ಮಡಿಸಿ ಸೂಟ್‌ಕೇಸಿನಲ್ಲಿಟ್ಟರು. ಆ ದಿನಗಳಲ್ಲಿ ಅತ್ತೆ ಸೊಸೆ ಊಟ, ಔಷಧಿ, ಟಿಕೆಟ್ಟು ಇವಿಷ್ಟರ ಬಗ್ಗೆ ಮಾತ್ರ ಮಾತಾಡಿದರು. ಹೊರಡುವ ದಿನ ವಿಭಾಳೇ ಅವರನ್ನು ಲಾಸ್ ಏಂಜಲೀಸಿನ ವಿಮಾನ ನಿಲ್ದಾಣಕ್ಕೆ ಕರೆದೊಯ್ದಳು. ನಿಕಿತಾ ಅಲ್ಲಿಗೇ ನೇರವಾಗಿ ಬರುವವಳಿದ್ದಳು. ದಾರಿಯಲ್ಲಿ ಭಾನುಮತಿ ಅವರು ಬಹಳ ಹೊತ್ತು ಹೊರಗೆ ನೋಡುತ್ತಿದ್ದರು. ಮಳೆಯಾಗಿ ಗುಡ್ಡಗಳು ಹಸಿರಾಗಿದ್ದವು, ಅಲ್ಲಲ್ಲಿ ಹಳದಿ ಸಾಸಿವೆಹೂವು.

“ನಿನ್ ಮೇಲೆ ನಂಗೆ ಸಿಟ್ಟಿಲ್ಲ ಕಣಮ್ಮ,” ಎಂದರು. “ನೀನು ಮಾಡಿದ್ದು ಸರೀನೇ ಇರ್ಬೋದು.”

“ನಂಗೆ ಸಿಟ್ಟಿದೆ ಅಮ್ಮ,” ಎಂದಳು ವಿಭಾ. “ನಿಮ್ಮಿಬ್ರ ಮೇಲೂ ಇದೆ. ಹೋಗುತ್ತೋ ಇಲ್ವೋ ಗೊತ್ತಿಲ್ಲ.”

ಅವರು ಹೂಂಗುಟ್ಟಿದರು. ನಿಲ್ದಾಣದಲ್ಲಿ ಸೂಟ್‌ಕೇಸುಗಳನ್ನು ಇಳಿಸುವಾಗ ದೂರದಲ್ಲಿ ನಿಕಿತಾ ನಿಂತಿರುವುದು ಕಾಣಿಸಿತು. ಕೂದಲು ಗಿಡ್ಡವಾಗಿ ಕತ್ತರಿಸಿಕೊಂಡಿದ್ದಳು. ನಿಂತ ಭಂಗಿಯಲ್ಲಿ, ಒಂದು ಕಾಲಿನ ಮೇಲೆ ಭಾರ ಬಿಟ್ಟು ತಲೆ ಓರೆ ಮಾಡಿದ್ದರಲ್ಲಿ, ಥೇಟ್ ಚರಣ್. ವಿಭಾ ಭಾನುಮತಿ ಅವರ ಕಾಲಿಗೆ ನಮಸ್ಕಾರ ಮಾಡಿ, ಗಾಲಿಕುರ್ಚಿ ತಂದವನಿಗೆ ಮಗಳ ಕಡೆ ಕೈ ತೋರಿಸಿ, ಕಾರು ಹತ್ತಿದಳು.

ಸಿನಿಮಾ ಮರುವರ್ಷ ಬಿಡುಗಡೆಯಾಯಿತು. ನೋಡಬಾರದೆಂದುಕೊಂಡಿದ್ದವಳು ಒಂದು ಮಧ್ಯಾಹ್ನ ಕೇಂದ್ರದಿಂದ ಬೇಗ ಹೊರಟು ಸ್ಯಾನ್ ಡಿಯೇಗೋದ ಮಾಲ್ ಒಂದರ ಥಿಯೇಟರಿಗೆ ಹೋದಳು. ಹತ್ತಿಪ್ಪತ್ತು ಜನವಿದ್ದರು. ಹಿಮದ ದೃಶ್ಯ ಬಂದಾಗ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕೂತಳು. ಅವಳಿಗೆ ಗುರುತು ಹತ್ತಲಿಲ್ಲ. ಯಾವ ದೇಶದ್ದೂ ಅಲ್ಲದ ಬೆಟ್ಟಗಳು, ಹಾಲಿನಷ್ಟು ಬಿಳಿಯ ಹಿಮ. ಮೋಟಾರುಬಂಡಿಗಳು ಓಡಿದವು, ಖಳನಾಯಕ ಬಿದ್ದ, ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. ಆಮೇಲೆ, ಸದ್ದೆಲ್ಲ ನಿಂತು ನಾಯಕ ಒಬ್ಬನೇ ನಡೆದುಹೋಗುವಾಗ, ಕೆಲವು ಕ್ಷಣ ಮಾತ್ರ ಸಂಜೆಯ ಬಿಸಿಲು ಒಂದು ಶಿಖರದ ತುದಿಯಲ್ಲಿ ಮೊದಲು ಕಿತ್ತಳೆಯಾಗಿ, ಆಮೇಲೆ ಗುಲಾಬಿಯಾಗಿ, ಕೊನೆಗೆ ಬೂದಿಯಾಗಿ ಆರಿತು. ಬೆಟ್ಟ ಬೇರೆ. ಬೆಳಕು ಅದೇ. ಅದೊಂದನ್ನು ಬದಲಿಸಲು ಅವರು ಮರೆತಿದ್ದರು, ಅಥವಾ ಅದು ಬದಲಿಸಬೇಕಾದದ್ದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಚಿತ್ರ ಮುಗಿದು ಜನ ಎದ್ದು ಹೋದರು. ವಿಭಾ ಕೂತೇ ಇದ್ದಳು. ಪರದೆಯ ಮೇಲೆ ಹೆಸರುಗಳು ಮೇಲೇರುತ್ತಿದ್ದವು, ನೂರಾರು ಹೆಸರು, ಊಟ ಬಡಿಸಿದವರದ್ದೂ ಕಾರು ಓಡಿಸಿದವರದ್ದೂ. ಅವಳು ಒಂದನ್ನೂ ಬಿಡದೆ ಓದಿದಳು. ನಿಕಿತಾಳ ಹೆಸರಿರಲಿಲ್ಲ. ತಿಂಗಳುಗಟ್ಟಲೆ ಕೂತು ಆ ಬೆಳಕನ್ನು ಕಟ್ಟಿದವಳ ಹೆಸರನ್ನು ಎಲ್ಲೂ ಹಾಕಿರಲಿಲ್ಲ. ಅದಕ್ಕೆ ತನಗೆ ಸಂತೋಷವಾಗಬೇಕಿತ್ತು ಎಂದುಕೊಂಡಳು. ಆಗಲಿಲ್ಲ. ಅವಳಿಗೆ ಯಾರಿಗಾದರೂ ಫೋನು ಮಾಡಿ, ಆ ಬೆಳಕು ನೋಡಿದೆಯಾ, ಎಂದು ಕೇಳಬೇಕೆನ್ನಿ​ಸಿತು. ಹಾಗೆ ಕೇಳಿದರೆ ಅರ್ಥ ಮಾಡಿಕೊಳ್ಳುವಂಥವಳು ಈ ಭೂಮಿಯ ಮೇಲೆ ಒಬ್ಬಳೇ ಇದ್ದಳು.

ದೀಪ ಹತ್ತಿಕೊಂಡಿತು. ಪೊರಕೆ ಹಿಡಿದು ಬಂದ ಹುಡುಗಿಯೊಬ್ಬಳು, ಮುಗೀತು ಮೇಡಂ, ಎಂದು ಇಂಗ್ಲಿಷಿನಲ್ಲಿ ಹೇಳಿದಳು. ವಿಭಾ ಕೈಗೆತ್ತಿಕೊಂಡಿದ್ದ ಫೋನನ್ನು ಚೀಲದೊಳಗೆ ಹಾಕಿ ಎದ್ದಳು.